ಅಕ್ಕಿಮೂಟೆ ಕೂತ ಕುರ್ಚಿ

ಯಲ್ಲಾಪುರ, ಹೊರಡುವ ಮೊದಲು

ವಿದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ವಿಮಾನದಿಂದ ಕತೆ ಸುರು ಮಾಡುತ್ತಾರೆ. ನನ್ನದು ಯಲ್ಲಾಪುರದ ಅಂಚೆ ಕಚೇರಿಯ ಎದುರಿನ ಇಳಿಜಾರಿನಿಂದ ಸುರುವಾಗಬೇಕು. ಅಲ್ಲಿ ನಾನು ಮಾಡಿದ ಗಾಲಿಕುರ್ಚಿ ಮುರಿಯಿತು. ಅದರಲ್ಲಿ ಕೂತಿದ್ದವಳು ನನ್ನ ತಂಗಿ ಭಾರತಿ.

ನಾನು ಕೂತಲ್ಲಿ ಕೂರುವ ಪೈಕಿಯಲ್ಲ. ಊಟಕ್ಕೆ ಕೂತರೆ ಸಾರು ಬರುವುದರೊಳಗೆ ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬರುತ್ತೇನೆ. ನಮ್ಮ ಅಮ್ಮ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಆಯಿ, ನನ್ನನ್ನು ‘ಕಾಲಿಗೆ ಚಕ್ರ ಕಟ್ಟಿಕೊಂಡವ’ ಎಂದು ಬಯ್ಯುತ್ತಾಳೆ. ಆಗೆಲ್ಲ ಭಾರತಿ, “ಚಕ್ರ ಬೇಕಾದ್ದು ಯಂಗೆ, ಕಟ್ಕಂಡು ತಿರ್ಗದು ಅಣ್ಣ” ಎಂದು ನಗುತ್ತಿದ್ದಳು. ನಮ್ಮ ಮಾತಿನಲ್ಲಿ ‘ಆನು’ ಎಂದರೆ ನಾನು, ‘ಯಂಗೆ’ ಎಂದರೆ ನನಗೆ. ಎರಡು ವರ್ಷದವಳಿದ್ದಾಗ ಬಂದ ಪೋಲಿಯೊ ಅವಳ ಎರಡೂ ಕಾಲುಗಳ ಶಕ್ತಿ ತೆಗೆದಿತ್ತು. ಕೈಗಳು ಮಾತ್ರ ನನ್ನ ಕೈಗಿಂತ ಗಟ್ಟಿ. ರಿಕ್ಷಾದ ಕಂಬಿ ಹಿಡಿದರೆ ಒಂದೇ ಎಳೆತಕ್ಕೆ ಸೀಟಿನ ಮೇಲಿರುತ್ತಾಳೆ.

ಮನೆ ನಂದೊಳ್ಳಿಯಲ್ಲಿ. ನನ್ನ ವರ್ಕ್‌ಶಾಪು ಶಿರಸಿಯಲ್ಲಿ. ಗೇಟು, ಗ್ರಿಲ್ಲು, ಪಂಪಿನ ರಿಪೇರಿ. ಭಾರತಿಗೆ ಯಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿದಾಗ ಮನೆಯಲ್ಲಿ ಹಬ್ಬವಾಯಿತು, ಮರುದಿನ ತಲೆಬಿಸಿ ಸುರುವಾಯಿತು. ಅವಳೇನೋ ರಿಕ್ಷಾ ಹತ್ತುತ್ತಾಳೆ, ಆದರೆ ಅವಳ ಕಬ್ಬಿಣದ ಹಳೆಯ ಗಾಲಿಕುರ್ಚಿಯನ್ನು ಹತ್ತಿಸಲು ಇಬ್ಬರು ಬೇಕು. ದಿನಾ ಬೆಳಿಗ್ಗೆ, ದಿನಾ ಸಂಜೆ ಇಬ್ಬರನ್ನು ಎಲ್ಲಿಂದ ತರುವುದು? “ನೀನು ಒಂದೇ ಕೈಯಲ್ಲಿ ಎತ್ತುವಂಥ ಕುರ್ಚಿ ಮಾಡಿಕೊಡುತ್ತೇನೆ” ಎಂದು ನಾನು ಎದೆ ತಟ್ಟಿ ಹೇಳಿದೆ.

ಅದು ಊರೂರಿಗೆ ಕೇಬಲ್ ಬಂದು ಹಳೆಯ ಟಿವಿ ಆಂಟೆನಾಗಳೆಲ್ಲ ಗುಜರಿಗೆ ಬೀಳುತ್ತಿದ್ದ ಕಾಲ. ಆಂಟೆನಾ ಕಂಬದ ಅಲ್ಯೂಮಿನಿಯಂ ಪೈಪುಗಳನ್ನು ಆರಿಸಿ ತಂದೆ. ಪೈಪಿನೊಳಗೆ ಮರಳು ತುಂಬಿ, ಕಾಯಿಸಿ ಬಗ್ಗಿಸಿದೆ, ಬೆಸೆದೆ. ನಾಲ್ಕು ದಿನದಲ್ಲಿ ಕುರ್ಚಿ ತಯಾರು. ಅದು ಎಂಥ ಅಲ್ಯೂಮಿನಿಯಂ ಎಂದು ಕೇಳುವ ತಾಳ್ಮೆ ನನಗಿರಲಿಲ್ಲ. ಭಾರ ತಾಳುತ್ತದೋ ನೋಡಲು ನಾನೇ ಕೂರಲು ಹೊರಟೆ. ಆಯಿ ಒಳಗಿನಿಂದ ಓಡಿ ಬಂದಳು.

“ತಮಾ, ಕೂರಡ! ನಡೆವ ಕಾಲಿದ್ದವ ಅದ್ರಲ್ಲಿ ಕೂರಲಾಗ. ಒಂದು ಮನೆಗೆ ಒಂದು ಸಾಕು.”

ಡಿಪ್ಲೊಮಾ ಓದಿದವನು ನಾನು. ಶಕುನ, ಅಪಶಕುನ ಎಲ್ಲಕ್ಕೂ ನಗುವವನು. ಆದರೂ ಅವತ್ತು ನಗಲಿಲ್ಲ, ಕೂರಲೂ ಇಲ್ಲ. ಒಳಗಿಂದ ಒಂದು ಅಕ್ಕಿಮೂಟೆ ತಂದು ಕೂರಿಸಿದೆ. ಮೂಟೆ ಒಂದು ಹಗಲು ಒಂದು ರಾತ್ರಿ ಕೂತಿತ್ತು, ಕುರ್ಚಿಗೆ ಏನೂ ಆಗಲಿಲ್ಲ. ಮೂರನೇ ದಿನ ಭಾರತಿ ಅದರಲ್ಲಿ ಕೂತು ಅಂಚೆ ಕಚೇರಿಯ ಇಳಿಜಾರು ಇಳಿದಳು. ಬೆಸುಗೆಯ ಪಕ್ಕದಲ್ಲೇ ಪೈಪು ಕಡ್ಡಿಯ ಹಾಗೆ ಮುರಿಯಿತು. ಅವಳ ಬಲಗೈ ಮಣಿಕಟ್ಟು ಮುರಿಯಿತು. ಇದ್ದ ಒಂದೇ ಆಸ್ತಿ, ಅದಕ್ಕೂ ಪೆಟ್ಟು ಕೊಟ್ಟವನು ನಾನು.

ಶಾಲೆಯವರು ಒಳ್ಳೆಯವರು, ಜೂನ್ ತನಕ ಕಾಯುತ್ತೇವೆ ಎಂದರು. ಭಾರತಿ ಬಯ್ಯಲಿಲ್ಲ. ನನ್ನ ಕುರ್ಚಿಯ ಸುದ್ದಿಯನ್ನೇ ಎತ್ತಲಿಲ್ಲ. ಬಯ್ದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ತೈಪೆ

ಹುಬ್ಬಳ್ಳಿ ಕಡೆಯ ಸಣ್ಣ ಕೈಗಾರಿಕೆಯವರ ಒಂದು ತಂಡ ತೈವಾನಿಗೆ ಯಂತ್ರಗಳ ಮೇಳ ನೋಡಲು ಹೊರಟಿತ್ತು. ಸೈಕಲ್ಲು, ಗಾಲಿಕುರ್ಚಿ ಎಲ್ಲ ಅಲ್ಲಿಯೇ ತಯಾರಾಗುವುದೆಂದು ಕೇಳಿದ್ದೆ. ಯಾರೋ ಬಿಟ್ಟ ಜಾಗಕ್ಕೆ ನಾನು ತೂರಿಕೊಂಡೆ.

ವಿಮಾನದಲ್ಲಿ ನನ್ನ ಪಾಡು ಹೇಳುವಂಥದ್ದಲ್ಲ. ಎದ್ದು ಓಡಾಡಿದರೆ ಗಗನಸಖಿ ಕೂರಿಸುತ್ತಾಳೆ, ಅವಳು ಆಚೆ ಹೋದರೆ ನಾನು ಏಳುತ್ತೇನೆ. ಇಳಿದ ಮೇಲೆ ನೋಡಿದರೆ ಆಯಿ ಕೊಟ್ಟ ಮಿಡಿ ಉಪ್ಪಿನಕಾಯಿಯ ಎರಡು ಬಾಟಲಿಯಲ್ಲಿ ಒಂದು ಒಡೆದು, ಇದ್ದ ಒಂದೇ ಬಿಳಿ ಅಂಗಿ ಕೆಂಪಾಗಿತ್ತು. ಮೇಳದ ತುಂಬ ನಾನು ಹೋದಲ್ಲೆಲ್ಲ ಇಂಗು, ಸಾಸಿವೆಯ ಪರಿಮಳ. ನಮ್ಮ ತಂಡದವರು ನನ್ನಿಂದ ನಾಲ್ಕು ಹೆಜ್ಜೆ ದೂರ ನಡೆಯುತ್ತಿದ್ದರು.

ಮೊದಲ ಸಂಜೆ ಬೀದಿಯಲ್ಲಿ ಸಂಗೀತ ಕೇಳಿತು. ನಮ್ಮಲ್ಲಿ ಐಸ್‌ಕ್ಯಾಂಡಿ ಗಾಡಿ ಪೋಂ ಪೋಂ ಎನ್ನುತ್ತ ಬಂದ ಹಾಗೆ. ಮನೆ ಮನೆಯಿಂದ ಹೆಂಗಸರು, ಗಂಡಸರು ಓಡಿ ಬಂದರು. ನಾನೂ ಚಿಲ್ಲರೆ ಹಿಡಿದು ಓಡಿದೆ. ಹತ್ತಿರ ಹೋದರೆ ಅದು ಕಸದ ಲಾರಿ! ಅವರ ಕೈಯಲ್ಲಿ ಕಸದ ಚೀಲ, ನನ್ನ ಕೈಯಲ್ಲಿ ದುಡ್ಡು. ಒಬ್ಬ ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಊಟದ್ದು ಇನ್ನೊಂದು ಪೇಚು. ಸ್ವಸ್ತಿಕದ ಗುರುತು ಇದ್ದಲ್ಲಿ ಸಸ್ಯಾಹಾರ ಎಂದು ಯಾರೋ ಹೇಳಿದರು. ನಮ್ಮದೇ ಸ್ವಸ್ತಿಕ, ಮುಖ ಮಾತ್ರ ಉಲ್ಟಾ. ಧೈರ್ಯವಾಗಿ ಹೊಕ್ಕು ಕೂತರೆ ತಟ್ಟೆಯಲ್ಲಿ ಮೀನು ಬಂತು. ಬಾಲ, ರೆಕ್ಕೆ ಎಲ್ಲ ಇತ್ತು. ಅದು ಸೋಯಾದಿಂದ ಮಾಡಿದ ಮೀನು ಎಂದು ಅವರು ಕೈಸನ್ನೆಯಲ್ಲಿ ವಿವರಿಸುವಷ್ಟರಲ್ಲಿ ನಾನು ಬಾಗಿಲಲ್ಲಿದ್ದೆ. ಮೀನು ಬಿಟ್ಟವರು ಮೀನಿನ ರೂಪವನ್ನು ಯಾಕೆ ಬಿಡಲಿಲ್ಲವೋ ನನಗೆ ಇವತ್ತಿಗೂ ತಿಳಿಯದು. ಆ ನಾಲ್ಕು ದಿನ ಅನ್ನ, ಉಳಿದೊಂದು ಬಾಟಲಿಯ ಉಪ್ಪಿನಕಾಯಿ ನನ್ನನ್ನು ಕಾಪಾಡಿದವು.

ಮೇಳದಲ್ಲಿ ತಲೆ ಕೆಟ್ಟುಹೋಯಿತು. ಅಲ್ಯೂಮಿನಿಯಂ ಎಂದರೆ ಅಲ್ಯೂಮಿನಿಯಂ ಎಂದುಕೊಂಡಿದ್ದವನಿಗೆ ಅಲ್ಲಿ ಅದು ಹತ್ತಾರು ಮಿಶ್ರಲೋಹ, ಒಂದೊಂದಕ್ಕೆ ಒಂದೊಂದು ನಂಬರು. ಗಾಲಿಕುರ್ಚಿಗೆ ಒಳ್ಳೆಯದು ೬೦೬೧ ಎಂದ ಒಬ್ಬ ಟೈ ಕಟ್ಟಿದವ. ಆದರೆ ಬೆಂಕಿ ತಾಗಿದ ಜಾಗದಲ್ಲಿ ಅದರ ಶಕ್ತಿ ಹೋಗುತ್ತದೆ. ಬೆಸೆದ ಮೇಲೆ ಇಡೀ ಚೌಕಟ್ಟನ್ನು ಕೋಣೆಯಷ್ಟು ದೊಡ್ಡ ಒಲೆಯಲ್ಲಿ ಕಾಯಿಸಿ, ನೀರಿಗೆ ಅದ್ದಿ, ಮತ್ತೆ ಇನ್ನೊಂದು ಒಲೆಯಲ್ಲಿ ಗಂಟೆಗಟ್ಟಲೆ ಇಡಬೇಕು. ನನ್ನ ಕುರ್ಚಿ ಬೆಸುಗೆಯ ಪಕ್ಕದಲ್ಲೇ ಯಾಕೆ ಮುರಿಯಿತೆಂದು ಆಗ ಗೊತ್ತಾಯಿತು. ಆಂಟೆನಾ ಪೈಪನ್ನು ನಾನು ಬೆಸೆದಿರಲಿಲ್ಲ, ಬೇಯಿಸಿದ್ದೆ. ದಿನಕ್ಕೆ ಮೂರು ಸಲ ಕರೆಂಟು ಹೋಗುವ ಶಿರಸಿಯಲ್ಲಿ ಅಂಥ ಒಲೆ ಇಟ್ಟುಕೊಂಡು ಏನು ಮಾಡಲಿ, ಹಪ್ಪಳ ಸುಡಲೇ?

ತೈಚುಂಗ್ ದಾರಿ

ತಂಡವನ್ನು ಮೇಳದಲ್ಲೇ ಬಿಟ್ಟು ನಾನೊಬ್ಬನೇ ತೈಚುಂಗ್ ಊರಿಗೆ ಹೊರಟೆ. ಅಲ್ಲಿ ಗಾಲಿಕುರ್ಚಿ ಮಾಡುವ ಒಂದು ಸಣ್ಣ ಕಾರ್ಖಾನೆಯವರು ಬಾ ಎಂದಿದ್ದರು. ಅವರ ಆಫೀಸಿನ ಹುಡುಗಿ ಮೇಯ್ ಕಾರು ತಂದಿದ್ದಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದಕ್ಕೊಂದು ಹೆಗಲು ಕೊಟ್ಟುಕೊಂಡು ಹೇಗೋ ದಾರಿ ಸಾಗಿಸಿದವು.

ಊರ ಹೊರಗೆ ರಸ್ತೆ ಬದಿಯಲ್ಲಿ ಗಾಜಿನ ಗೂಡಂಗಡಿಗಳು, ಬಣ್ಣದ ದೀಪ, ಒಳಗೆ ಚೆಂದ ಮಾಡಿಕೊಂಡ ಹುಡುಗಿಯರು. ನಾನು ಮುಖ ತಿರುಗಿಸಿದೆ. ಮೇಯ್ ನಗುತ್ತ ಕಾರು ನಿಲ್ಲಿಸಿ ಒಂದು ಪೊಟ್ಟಣ ತಂದುಕೊಟ್ಟಳು. ಬಿಚ್ಚಿದರೆ ಅಡಿಕೆ! ಎಳೆಯ ಹಸಿರಡಿಕೆ, ನಡುವೆ ಸೀಳಿ ಸುಣ್ಣ ಹಚ್ಚಿದ್ದು. ಶಿರಸಿಯವನಿಗೆ ಸಮುದ್ರ ದಾಟಿದರೂ ಅಡಿಕೆ ಬಿಡಲಿಲ್ಲ. ಜಗಿದೆ. ನೆತ್ತಿಗೆ ಬಿಸಿ ಏರಿ ಬೆವರಿದೆ. ಇಷ್ಟು ಎಳೆಯದನ್ನು ಕೊಯ್ದರೆ ನಮ್ಮ ಕಡೆ ಯಜಮಾನರು ಕೊಯ್ದವನ ಜೊತೆ ಒಂದು ವರ್ಷ ಮಾತು ಬಿಡುತ್ತಾರೆ. ಉಗಿಯಲು ಕಿಟಕಿ ಇಳಿಸಹೊರಟರೆ ಮೇಯ್ ಒಂದು ಕಾಗದದ ಲೋಟ ಹಿಡಿದಳು. ಲೋಟದಲ್ಲಿ ಉಗುಳಿ, ಆ ಲೋಟವನ್ನು ಕಾರ್ಖಾನೆ ಬಾಗಿಲ ತನಕ ಆರತಿ ತಟ್ಟೆಯ ಹಾಗೆ ಹಿಡಿದು ಕೂತೆ. ನಮ್ಮ ಶಿರಸಿ ಬಸ್‌ಸ್ಟ್ಯಾಂಡಿನ ಮೂಲೆಗಳು ನೆನಪಾಗಿ ಸ್ವಲ್ಪ ನಾಚಿಕೆಯೂ ಆಯಿತು.

ತೈಚುಂಗ್, ಮಧ್ಯಾಹ್ನದ ನಿದ್ದೆ

ಕಾರ್ಖಾನೆಯಲ್ಲಿ ಮೊದಲು ಕಂಡದ್ದು ಪೈಪು ಬಗ್ಗಿಸುವ ಯಂತ್ರ. ಪೈಪಿನ ಹೊಟ್ಟೆಯೊಳಗೆ ಉಕ್ಕಿನ ಗುಂಡುಗಳ ಒಂದು ಸರ ಹೋಗಿ ಕೂರುತ್ತದೆ, ಹೊರಗಿಂದ ಡೈ ಎನ್ನುವ ಅಚ್ಚು ಹಿಡಿಯುತ್ತದೆ. ಎಷ್ಟು ಬಗ್ಗಿಸಿದರೂ ಪೈಪು ಚಪ್ಪಟೆಯಾಗುವುದಿಲ್ಲ, ನೆರಿಗೆ ಬೀಳುವುದಿಲ್ಲ. ನಾನು ಮರಳು ತುಂಬಿ ಬಗ್ಗಿಸುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ.

ಅಳತೆ ಏನು ಎಂದು ಮೇಯ್ ಕೇಳಿದಳು. ನಾನು ಕಿಸೆಯಿಂದ ಗಂಟು ಹಾಕಿದ ಸೆಣಬಿನ ಹುರಿ ತೆಗೆದೆ. ಮೊದಲ ಗಂಟು ಭಾರತಿಯ ಸೊಂಟ, ಎರಡನೆಯದು ರಿಕ್ಷಾದ ಬಾಗಿಲು, ಮೂರನೆಯದು ಅವಳ ಶಾಲೆಯ ಬಾಗಿಲು. ಆಫೀಸಿನವರು ಕಿಸಕ್ಕೆಂದರು. ಅಲ್ಲಿದ್ದ ಒಬ್ಬ ಮುದುಕ ಮಾತ್ರ ನಗಲಿಲ್ಲ. ಹುರಿಯನ್ನು ಮೇಜಿನ ಮೇಲೆ ಚಾಚಿ ಒಂದೊಂದೇ ಗಂಟು ಮುಟ್ಟಿ ನೋಡಿದ. ಅವನ ಹೆಸರು ಲಿನ್, ಬೆಸುಗೆಯವರಲ್ಲಿ ಹಿರಿಯ.

ಊಟವಾಯಿತು. ಬೆಲ್ ಹೊಡೆಯಿತು. ದೀಪಗಳೆಲ್ಲ ಆರಿದವು. ಕರೆಂಟು ಹೋಯಿತು, ಇದು ನಮ್ಮೂರೇ ಎಂದು ನನಗೆ ಖುಷಿಯಾಯಿತು. ಹಾಗಲ್ಲ. ಎಲ್ಲರೂ ನಿದ್ದೆ ಮಾಡುತ್ತಿದ್ದರು! ಕೆಲವರು ಮೇಜಿನ ಮೇಲೆ ತಲೆಯಿಟ್ಟು, ಕೆಲವರು ರಟ್ಟು ಹಾಸಿಕೊಂಡು ನೆಲದ ಮೇಲೆ. ಊಟದ ಮೇಲೆ ಎಲೆಯಡಿಕೆಯ ಕವಳ ಹಾಕಿ ಒರಗುವವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ, ಆದರೆ ಬೆಲ್ ಹೊಡೆದು ಮಲಗಿಸುವ ಕಾರ್ಖಾನೆಯನ್ನು ನಾನು ಕಂಡಿರಲಿಲ್ಲ. ನನಗೆಲ್ಲಿಯ ನಿದ್ದೆ? ಭಾರತಿಯ ಕೆಲಸ, ಜೂನ್ ತಿಂಗಳು, ೬೦೬೧, ಒಲೆ, ಎಲ್ಲ ತಲೆಯಲ್ಲಿ ಕಣಜದ ಹುಳದ ಹಾಗೆ ತಿರುಗುತ್ತಿತ್ತು. ಎದ್ದು ಕತ್ತಲಲ್ಲಿ ಬೆಕ್ಕಿನ ಹಾಗೆ ತಿರುಗಿದೆ.

ಹಿಂದಿನ ಕೋಣೆಯಲ್ಲಿ ಕುರ್ಚಿಯ ಚೌಕಟ್ಟುಗಳನ್ನು ಸಾಲಾಗಿ ಕೊಕ್ಕೆಗೆ ನೇತುಹಾಕಿದ್ದರು. ಒಂದೊಂದಕ್ಕೂ ಒಂದು ಚೀಟಿ. ಯಾರೂ ಇರಲಿಲ್ಲ. ಒಂದನ್ನು ಇಳಿಸಿದೆ. ಎರಡು ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಭಾರತಿ ಇದನ್ನು ರಿಕ್ಷಾದೊಳಗೆ ಎಳೆದುಕೊಳ್ಳುವುದು ಕಣ್ಣಿಗೆ ಕಟ್ಟಿತು. ಗಟ್ಟಿ ಇದೆಯೋ ನೋಡೋಣ ಎಂದು ಮೊಣಕಾಲಿಗೆ ಕೊಟ್ಟು ಬಗ್ಗಿಸಹೊರಟೆ. ಅಷ್ಟರಲ್ಲಿ ಕೆಳಗಿನಿಂದ ಒಂದು ಕೈ ಬಂದು ನನ್ನ ಪಾದ ಹಿಡಿಯಿತು.

ನಾನು ಕೂಗಿದೆ. ಅರ್ಧಕ್ಕರ್ಧ ಕಾರ್ಖಾನೆಗೆ ಎಚ್ಚರವಾಯಿತು. ಚೌಕಟ್ಟುಗಳ ಅಡಿಯಲ್ಲೇ ರಟ್ಟು ಹಾಸಿ ಮಲಗಿದ್ದ ಲಿನ್ ಎದ್ದು, ನನ್ನ ಕೈಯಿಂದ ಚೌಕಟ್ಟು ತೆಗೆದುಕೊಂಡು ಮತ್ತೆ ಕೊಕ್ಕೆಗೆ ಹಾಕಿದ. ಮತ್ತೆ ಮಲಗಿದ. ನಾನು ಅಲ್ಲಿಯೇ ಒಂದು ಡಬ್ಬಿಯ ಮೇಲೆ ಶಿಕ್ಷೆಗೊಳಗಾದ ಮಗುವಿನ ಹಾಗೆ, ಬೆಲ್ ಹೊಡೆಯುವ ತನಕ ಕೂತೆ. ಬಹುಶಃ ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ದೀಪ ಬಂದ ಮೇಲೆ ಮೇಯ್ ಬಂದು ಅವನ ಮಾತನ್ನು ಹೇಳಿದಳು.

“ಇದು ೭೦೦೫. ಬೆಸೆದ ದಿನ ಇದೂ ಮೆತ್ತಗಿರುತ್ತದೆ. ಆದರೆ ಇದಕ್ಕೆ ದೊಡ್ಡ ಒಲೆ ಬೇಕೆಂದಿಲ್ಲ. ಸುಮ್ಮನೆ ನೇತುಹಾಕಿದರೆ ಹೋದ ಶಕ್ತಿ ತಾನಾಗಿ ವಾಪಸು ಬರುತ್ತದೆ. ಒಂದು ತಿಂಗಳು. ಚೀಟಿಯಲ್ಲಿರುವುದು ಬೆಸೆದ ತಾರೀಖು.”

“ಒಂದು ತಿಂಗಳು ಏನು ಮಾಡಬೇಕು?”

“ಮುಟ್ಟಬಾರದು.”

ನಾನು ನಂಬಲಿಲ್ಲ. ಅವನು ನಿನ್ನೆ ಬೆಸೆದ ಒಂದು ತುಂಡನ್ನೂ ಹೋದ ತಿಂಗಳಿನ ಒಂದು ತುಂಡನ್ನೂ ಕೈಗೆ ಕೊಟ್ಟ. ಒಂದು ಬಗ್ಗಿತು, ಇನ್ನೊಂದಕ್ಕೆ ಜೋತುಬಿದ್ದರೂ ಬಗ್ಗಲಿಲ್ಲ. ಇದರ ದೋಷವನ್ನೂ ಅವನು ಮುಚ್ಚಿಡಲಿಲ್ಲ. ಉಪ್ಪುಗಾಳಿ ಇದಕ್ಕೆ ಆಗದು, ಬಣ್ಣ ಎದ್ದುಹೋದರೆ ಕೂಡಲೇ ಬಳಿಯಬೇಕು. ನಮ್ಮ ಕಡಲ ಬದಿಯ ಕುಮಟೆಯಿಂದ ಯಾರಾದರೂ ಕೇಳಿದರೆ ಎರಡು ಕೋಟು ಹೆಚ್ಚಿಗೆ ಹೊಡೆಯಬೇಕೆಂದು ಮನಸ್ಸಿನಲ್ಲೇ ಬರೆದುಕೊಂಡೆ. ಸಂಜೆಯ ಚಹಾಕ್ಕೆ ಅವನಿಗೆ ನನ್ನ ಕುರ್ಚಿ ಮುರಿದ ಕತೆ ಹೇಳಿ, ಬಾಟಲಿಯಿಂದ ಒಂದು ಮಿಡಿ ಕೊಟ್ಟೆ. ಕಚ್ಚಿದ, ಕಣ್ಣಲ್ಲಿ ನೀರು ಬಂತು, ಆದರೂ ಗೊರಟಿನ ತನಕ ಬಿಡಲಿಲ್ಲ. ಇದು ಎಷ್ಟು ದಿನದ್ದು ಎಂದು ಕೇಳಿದ. ಹೋದ ವರ್ಷದ್ದು ಎಂದೆ. ಚೀಟಿ ತೂಗುತ್ತಿದ್ದ ಚೌಕಟ್ಟುಗಳ ಕಡೆ ಕೈ ತೋರಿಸಿ ಏನೋ ಹೇಳಿದ. “ಹಾಗಾದರೆ ನಿಮ್ಮ ಮನೆಯಲ್ಲಿ ಯಾರಿಗೋ ಈ ಕೆಲಸ ಗೊತ್ತಿದೆ ಅನ್ನುತ್ತಾನೆ” ಎಂದಳು ಮೇಯ್.

ತೈಚುಂಗ್, ಎರಡನೇ ದಿನ

ಕಾರ್ಖಾನೆಯ ಹಿಂದೆ ಸಿಮೆಂಟಿನ ಒಂದು ಇಳಿಜಾರು ಇತ್ತು, ನಡುನಡುವೆ ಉಬ್ಬು. ಹೊರಗೆ ಹೋಗುವ ಕುರ್ಚಿಗಳೆಲ್ಲ ಆ ದಾರಿ ಇಳಿಯಬೇಕು. ಯಂತ್ರದಲ್ಲಿಟ್ಟು ಕುಲುಕುವುದು ಬೇರೆ ಇದೆ. ಆದರೆ ಮೊದಲು ಇಲ್ಲಿ, ಬೆಸೆದವನೇ ಕೂತು ಮೂರು ಸಲ ಇಳಿಯಬೇಕು. ಅದು ಅಲ್ಲಿಯ ಪದ್ಧತಿ. ಲಿನ್ ತಾನು ಬೆಸೆದ ಕುರ್ಚಿಯಲ್ಲಿ ಕೂತ. ಆ ವಯಸ್ಸಿನಲ್ಲಿ, ಎಡಕ್ಕೆ ಬಲಕ್ಕೆ ಸೊಂಟ ತಿರುವುತ್ತ, ಉಬ್ಬಿನ ಮೇಲೆ ಧಡಧಡ ಹಾರಿಸುತ್ತ ಇಳಿದ. ಮೂರು ಸಲ. ಎದ್ದು ಕೈ ಒರೆಸಿಕೊಂಡು ಮೇಯ್ ಮೂಲಕ ನನ್ನನ್ನು ಕೇಳಿದ:

“ನಿನ್ನ ಕುರ್ಚಿ ಮುರಿಯಿತಲ್ಲ, ಅದರಲ್ಲಿ ಮೊದಲು ಕೂತವರು ಯಾರು?”

“ತಂಗಿ.”

“ಅವಳಿಗಿಂತ ಮೊದಲು?”

ಅಕ್ಕಿಯ ಮೂಟೆ ಎಂದೆ. ಮೇಯ್ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಅವನಿಗೆ ಹೇಳಿದಳು. ಅವನು ನಗುತ್ತಾನೆ ಎಂದುಕೊಂಡೆ. ನಗಲಿಲ್ಲ.

“ಅಕ್ಕಿ ಮಿಸುಕಾಡುವುದಿಲ್ಲ. ಅದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲವಲ್ಲ. ನೀನು ಯಾಕೆ ಕೂರಲಿಲ್ಲ?”

ಆಯಿಯ ಮಾತನ್ನು ಇಂಗ್ಲಿಷಿಗೆ ತರಲು ಹೊರಟೆ, ಅರ್ಧಕ್ಕೇ ಬಿಟ್ಟೆ. ಆಯಿ ಹೇಳಿದ್ದು ಹೌದು. ಆದರೆ ನಾನು ಆಯಿಯ ಎಷ್ಟು ಮಾತು ಕೇಳಿದವನು? ತುಪ್ಪ ಕಡಿಮೆ ಹಾಕಿಕೋ ಎಂದರೆ ಕೇಳಿದವನಲ್ಲ. ಅವತ್ತು ಕೇಳಿದೆ, ಯಾಕೆಂದರೆ ನನಗೂ ಹೆದರಿಕೆಯಿತ್ತು. ಅದರಲ್ಲಿ ಕೂತರೆ ಏಳಲಾಗದೇ ಹೋದೀತು ಎಂಬ ಹೆದರಿಕೆ. ತಿಳಿವಳಿಕೆ ಬಂದಾಗಿನಿಂದ ಅದರಲ್ಲೇ ಕೂತವಳನ್ನು ಪಕ್ಕದಲ್ಲಿಟ್ಟುಕೊಂಡು ನಾನು ಹೆದರಿದ್ದೆ. ಆ ಇಳಿಜಾರಿನ ಬದಿಯಲ್ಲಿ ನಿಂತು ನಾನು ಅತ್ತೆ. ಮೇಯ್ ಗಾಬರಿಯಾಗಿ ಮತ್ತೆ ಒಂದು ಕಾಗದದ ಲೋಟ ತಂದಳು, ಈ ಸಲ ನೀರಿನದು.

ಸಂಜೆ ಅವರ ಆಫೀಸಿನಿಂದ ನಂದೊಳ್ಳಿಗೆ ಫೋನು ಮಾಡಿದೆ. ಭಾರತಿಯೇ ಎತ್ತಿದಳು.

“ಎಂತ ಅಣ್ಣ, ಆರಾಮಿದ್ಯ? ಊಟಕ್ಕೆ ಎಂತ ಮಾಡ್ತ್ಯ?”

“ಊಟ ಇರ್ಲಿ. ಒಂದು ಹೇಳಕ್ಕು. ಆ ಖುರ್ಚಿಲಿ ಆನು ಒಂದು ಸಲವೂ ಕೂತಿದ್ನಿಲ್ಲೆ. ನಿಂಗೆ ಹೇಳಿದ್ನಿಲ್ಲೆ.”



“ಗೊತ್ತಿತ್ತು” ಎಂದಳು. “ಸೀಟಿನ ಮೇಲೆ ಅಕ್ಕಿ ಕಾಳು ಇತ್ತು.”

“ಮತ್ತೆ ಎಂತಕ್ಕೆ ಕೂತೆ?”

“ನೀ ಮಾಡಿದ್ದಲ್ದಾ” ಎಂದು ಫೋನಿಟ್ಟಳು.

ಶಿರಸಿ

ನಮ್ಮ ತಂಡದವರು ಟೇಪ್‌ರೆಕಾರ್ಡರು, ಕೊಡೆ, ಗೊಂಬೆ ಹೊತ್ತು ಬಂದರು. ನಾನು ತಂದದ್ದು ೭೦೦೫ರ ಪೈಪಿನ ಒಂದು ಕಟ್ಟು, ಅದಕ್ಕೆ ತಕ್ಕ ಬೆಸುಗೆ ಕಡ್ಡಿ, ಒಂದಿಂಚಿನ ಪೈಪಿಗೆ ಒಂದು ಡೈ, ಗುಂಡುಗಳ ಒಂದು ಸರ. ‘ಹತ್ತು ನಮೂನೆ ಬಾಗು ಬೇಡ, ಒಂದೇ ಪೈಪು ಒಂದೇ ಬಾಗು, ಅದನ್ನು ಸರಿಯಾಗಿ ಮಾಡು’ ಎಂದಿದ್ದ ಲಿನ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯನ್ನು ಅವನಿಗೆ ಯಾರು ಹೇಳಿಕೊಟ್ಟರೋ. ಬಗ್ಗಿಸುವ ಯಂತ್ರವನ್ನು ನಾನೇ ಕಟ್ಟಿಕೊಂಡೆ. ಕುರ್ಚಿಯ ಗಾಲಿಗಳು ಗುಂಡಿ ಒತ್ತಿದರೆ ಕಳಚಿ ಕೈಗೆ ಬರುವ ಹಾಗೆ ಮಾಡಿದೆ. ಚೌಕಟ್ಟು ಬೆಸೆದು, ವರ್ಕ್‌ಶಾಪಿನ ತೊಲೆಗೆ ನೇತುಹಾಕಿ, ಚೀಟಿ ಕಟ್ಟಿದೆ.

ಆಮೇಲಿನ ಒಂದು ತಿಂಗಳು ನನ್ನ ಶತ್ರುವಿಗೂ ಬೇಡ. ದಿನಾ ಬೆಳಿಗ್ಗೆ ಅದರ ಕೆಳಗೆ ನಿಲ್ಲುತ್ತಿದ್ದೆ. ಕೈ ಮೇಲೆ ಹೋಗುತ್ತಿತ್ತು, ನಾನೇ ಇಳಿಸುತ್ತಿದ್ದೆ. ಗಿರಾಕಿಗಳು, “ಇದೆಂತದು, ಒಣಗಲಿಕ್ಕೆ ಹಾಕಿದ್ದ?” ಎಂದು ಕೇಳುತ್ತಿದ್ದರು. ಮನೆಗೆ ಹೋದರೆ ಅಲ್ಲಿಯೂ ಇದೇ. ಅದು ಮಾವಿನ ಮಿಡಿಯ ಕಾಲ. ಆಯಿ ದೊಡ್ಡ ಭರಣಿಯಲ್ಲಿ ಮಿಡಿಯನ್ನು ಉಪ್ಪಿಗೆ ಹಾಕಿ ಬಾಯಿ ಕಟ್ಟಿದ್ದಳು. ನಾನು ಚಡಪಡಿಸುತ್ತ ಬಟ್ಟೆ ಸರಿಸಿ ನೋಡಹೊರಟರೆ ಕೈಗೊಂದು ಬಿತ್ತು.

“ಮುಟ್ಟಡ ಹೇಳಿದ್ನಲ! ಉಪ್ಪು ಅದ್ರ ಕೆಲ್ಸ ಅದು ಮಾಡ್ತು. ನೀ ನಿನ್ನ ಕೆಲ್ಸ ನೋಡು.”

ಲಿನ್ ಹೇಳಿದ ಆ ‘ಯಾರೋ’ ಇವಳೇ. ನಗು ಬಂತು. ಅವಳಿಗೆ ಎಂತಕ್ಕೆ ಎಂದು ಗೊತ್ತಾಗಲಿಲ್ಲ.

ಮತ್ತೆ ಯಲ್ಲಾಪುರ

ತಿಂಗಳು ತುಂಬಿದ ಮರುದಿನ, ಭಾರತಿಯನ್ನು ಶಾಲೆಗೆ ಬಿಡಲು ಗೊತ್ತುಮಾಡಿದ್ದ ಮಾಬೂಸಾಬರ ರಿಕ್ಷಾ ಅಂಚೆ ಕಚೇರಿಯ ಎದುರು ನಿಂತಿತು. ಹಿಂದಿನ ಸೀಟಿನಲ್ಲಿ ಭಾರತಿ, ಆಯಿ. ಭಾರತಿಯ ಮಣಿಕಟ್ಟು ಕೂಡಿಕೊಂಡಿತ್ತು, ಆದರೆ ಅವಳು ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಇದ್ದಳು. ಬರುತ್ತೇನೆ ಎಂದಿದ್ದಳೇ ಹೊರತು ಕೂರುತ್ತೇನೆ ಎಂದಿರಲಿಲ್ಲ. ಶಾಲೆ ಸುರುವಾಗಲು ಒಂದು ವಾರವಿತ್ತು.

ನಾನು ಕುರ್ಚಿ ಇಳಿಸಿ ಗಾಲಿ ಸಿಕ್ಕಿಸಿದೆ. ಇಳಿಜಾರಿನ ನೆತ್ತಿಗೆ ಒಯ್ದೆ. ನಾನು ಏನು ಮಾಡಹೊರಟಿದ್ದೇನೆಂದು ಆಯಿಗೆ ಆಗ ತಿಳಿಯಿತು.

“ತಮಾ, ಬೇಡದಾ…”

“ಆಯಿ, ಮಾಡಿದವ ಆನು. ಆನೇ ಮೊದ್ಲು ಕೂರಕ್ಕು.”

ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಕೂತೆ. ಕೂತ ಮೇಲೆ ಊರೇ ಬೇರೆ ಕಂಡಿತು. ಜನರ ಮುಖದ ಬದಲು ಸೊಂಟ, ಚೀಲ. ದಿನಾ ದಾಟುವ ಚರಂಡಿಯ ಕಲ್ಲು ಗುಡ್ಡದ ಹಾಗೆ. ಭಾರತಿ ಇದನ್ನೇ ಇಷ್ಟು ವರ್ಷ ನೋಡಿದ್ದಾಳೆ ಎಂದು ಹೊಳೆಯಿತು. ಗಾಲಿಯಿಂದ ಕೈ ಬಿಟ್ಟೆ.

“ಹುಷಾರ್ರಿ ಭಟ್ರ! ಬ್ರೇಕ್ ಹಿಡೀರಿ!” ಎಂದು ಮಾಬೂಸಾಬರು ಕೂಗಿದರು.

ಹಿಡಿಯಲಿಲ್ಲ. ಎಡಕ್ಕೆ ಬಲಕ್ಕೆ ಸೊಂಟ ತಿರುವಿದೆ, ಚರಂಡಿಯ ಕಲ್ಲಿನ ಮೇಲೆ ಧಡಕ್ಕನೆ ಹಾರಿಸಿದೆ. ಕೆಳಗೆ ತಲುಪಿದಾಗ ಬೆವರಿನಲ್ಲಿ ತೊಯ್ದಿದ್ದೆ. ಬೆಸುಗೆಗಳನ್ನು ಒಂದೊಂದಾಗಿ ಉಗುರಿನಿಂದ ಸವರಿ ನೋಡಿದೆ. ಮೇಲೆ ಹತ್ತಿಸಿ ಎರಡನೇ ಸಲ ಇಳಿದೆ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಜನ ಸೇರಿ ನಗುತ್ತಿದ್ದರು. ಮೂರನೇ ಸಲ ರಿಕ್ಷಾದ ಪಕ್ಕಕ್ಕೇ ಬಂದು ನಿಲ್ಲಿಸಿದೆ. ಆಯಿ ಸೆರಗಿನ ಸಂದಿಯಿಂದ ನನ್ನ ಕಾಲುಗಳನ್ನೇ ನೋಡುತ್ತಿದ್ದಳು.

ನನಗೆ ಏಳಬೇಕೆನಿಸಲಿಲ್ಲ. ಮತ್ತೊಂದು ಸಲ ಇಳಿದು ನೋಡಲೇ ಎಂದು ಗಾಲಿ ತಿರುಗಿಸಹೊರಟೆ. ಗಾಲಿ ತಿರುಗಲಿಲ್ಲ. ಭಾರತಿ ಸೀಟಿನ ತುದಿಗೆ ಸರಿದು, ಮುರಿದಿದ್ದ ಆ ಬಲಗೈ ಚಾಚಿ, ಕುರ್ಚಿಯನ್ನು ಹಿಡಿದಿದ್ದಳು.

“ಸಾಕು, ಏಳಣ್ಣ” ಎಂದಳು. “ಅದು ಯನ್ನ ಖುರ್ಚಿ.”